ಹಳ್ಳಿಯ ಪುಟ್ಟ ಇಗರ್ಜಿಗೆ ಎಷ್ಟು ವಯಸ್ಸು?

ಬೆಳ್ಳಿಹಬ್ಬ, ಸುವರ್ಣ ಮಹೋತ್ಸವ, ಶತಮಾನೋತ್ಸವ ಯಾವುದೇ ಇರಲಿ, ಹಬ್ಬದ ಸ್ಮರಣ ಸಂಚಿಕೆಯಲ್ಲಿ "ನಮ್ಮ ಚರ್ಚಿನ ಚರಿತ್ರೆ" ಎಂಬ ಒಂದು ಲೇಖನ ಇದ್ದೇ ಇರುತ್ತದೆ. "ನಮ್ಮ ಇಗರ್ಜಿ ಅತ್ಯಂತ ಪುರಾತನವಾದುದು" ಎಂದು ಅದು ಆರಂಭವಾಗುವುದೂ ಹೆಚ್ಚುಕಡಿಮೆ ವಾಡಿಕೆಯೇ ಆಗಿದೆ. ಎಷ್ಟು ಪುರಾತನ, ಹಾಗೆಂದು ಯಾವ ಕಾಗದ ಹೇಳುತ್ತದೆ ಎಂದು ಕೇಳಿದರೆ ಮಾತ್ರ ಉತ್ತರ ಕೊಡುವವರು ಕಡಿಮೆ.

ಘಟ್ಟದ ಮೇಲಿನ ಮಾತೇ ಬೇರೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲೂಕುಗಳಲ್ಲಿ ಕ್ರೈಸ್ತರ ಸಂಖ್ಯೆ ಸಣ್ಣದು. ಅಲ್ಲಲ್ಲಿ ಚದುರಿದ ಕೆಲವು ಕುಟುಂಬಗಳು, ಉದ್ಯೋಗಕ್ಕೋ ಸೇವೆಗೋ ಕರಾವಳಿಯಿಂದ ಹೋಗಿ ನೆಲೆಸಿದವರು, ಶಾಲೆ, ದವಾಖಾನೆಗಳಲ್ಲಿ ದುಡಿಯುವ ಧರ್ಮಭಗಿನಿಯರು. ಇಂಥ ಕಡೆ ಹೇಳುವ ಮಾತು: "ನಮಗೇನು ಚರಿತ್ರೆ ಇದೆ? ಚರಿತ್ರೆ ಏನಿದ್ದರೂ ಮಂಗಳೂರು, ಕಲ್ಯಾಣಪುರದವರಿಗೆ."

ಈ ಎರಡು ಮಾತುಗಳೂ ಪೂರ್ತಿ ಸರಿಯಲ್ಲ. ಮೊದಲನೆಯವರು ಆಧಾರವಿಲ್ಲದೆ ವಯಸ್ಸು ಹೆಚ್ಚಿಸಿಕೊಳ್ಳುತ್ತಾರೆ. ಎರಡನೆಯವರು ಕೈಯಲ್ಲಿರುವ ಆಧಾರವನ್ನೇ ಗಮನಿಸುವುದಿಲ್ಲ. ಹಳ್ಳಿಯ ಪುಟ್ಟ ಚರ್ಚಿನ ಚರಿತ್ರೆ ಎಲ್ಲಿ ಉಳಿಯುತ್ತದೆ, ಹೇಗೆ ಅಳಿಯುತ್ತದೆ ಎಂಬುದನ್ನು ಅರಿತರೆ ಇಬ್ಬರಿಗೂ ಪ್ರಯೋಜನವಿದೆ.

ಮಧ್ಯಯುಗದ ಚರ್ಚು ನಮ್ಮಲ್ಲಿದೆಯೇ?

ಯುರೋಪಿನವರು ಮಧ್ಯಯುಗ ಎನ್ನುವುದು ಸುಮಾರು 5ನೇ ಶತಮಾನದಿಂದ 15ನೇ ಶತಮಾನದವರೆಗಿನ ಕಾಲವನ್ನು. ಆ ಲೆಕ್ಕದಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ಇಂದು ನಿಂತಿರುವ ಮಧ್ಯಯುಗದ ಚರ್ಚನ್ನು ತೋರಿಸುವುದು ಸಾಧ್ಯವಿಲ್ಲ. ನಮ್ಮ ಕರಾವಳಿಯ ಇಗರ್ಜಿಗಳ ದಾಖಲೆಗಳು ಶುರುವಾಗುವುದು 16ನೇ ಶತಮಾನದಲ್ಲಿ, ಪೋರ್ಚುಗೀಸರು ಬಂದ ಮೇಲೆ. ಮಂಗಳೂರಿನ ರೊಸಾರಿಯೊ ಇಗರ್ಜಿಯ ಆರಂಭವನ್ನು 1568 ಎಂದು ಗುರುತಿಸಲಾಗುತ್ತದೆ.

ಅದಕ್ಕೂ ಮುಂಚೆ ಇಲ್ಲಿ ಕ್ರೈಸ್ತರಿರಲಿಲ್ಲವೇ? ಇದ್ದಿರಬಹುದು. 6ನೇ ಶತಮಾನದ ಗ್ರೀಕ್ ಪ್ರವಾಸಿ ಕೊಸ್ಮಾಸ್ "ಕಲ್ಲಿಯಾನ" ಎಂಬಲ್ಲಿ ಪರ್ಷಿಯಾದಲ್ಲಿ ಅಭಿಷಿಕ್ತರಾದ ಧರ್ಮಾಧ್ಯಕ್ಷರೊಬ್ಬರು ಇದ್ದಾರೆಂದು ಬರೆದಿದ್ದಾನೆ. ಅದು ಉಡುಪಿ ಸಮೀಪದ ಕಲ್ಯಾಣಪುರ ಎಂದು ಕೆಲವರು, ಮುಂಬಯಿ ಬಳಿಯ ಕಲ್ಯಾಣ್ ಎಂದು ಹಲವರು ವಾದಿಸುತ್ತಾರೆ. 14ನೇ ಶತಮಾನದಲ್ಲಿ ಡೊಮಿನಿಕನ್ ಸನ್ಯಾಸಿ ಜೊರ್ಡಾನುಸ್ ಭಾರತದ ಪಶ್ಚಿಮ ಕರಾವಳಿಯಲ್ಲಿ ಸೇವೆ ಸಲ್ಲಿಸಿ, 1329ರಲ್ಲಿ ಕೊಲ್ಲಂನ ಧರ್ಮಾಧ್ಯಕ್ಷರಾಗಿ ನೇಮಕಗೊಂಡರು. ಇವು ಅಮೂಲ್ಯ ಸುಳಿವುಗಳು. ಆದರೆ ಸುಳಿವನ್ನೇ ಅಡಿಪಾಯವೆಂದು ಬರೆದರೆ ಚರಿತ್ರೆ ಆಗುವುದಿಲ್ಲ. "ಹೀಗೊಂದು ಅಭಿಪ್ರಾಯವಿದೆ" ಎಂದು ಬರೆಯುವುದೇ ಪ್ರಾಮಾಣಿಕತೆ.

ಗೋಡೆಗಳು ಹೇಳಿದ ಕಥೆ

ನಿಜವಾದ ಮಧ್ಯಯುಗದ ಹಳ್ಳಿಯ ಚರ್ಚು ಹೇಗಿತ್ತು ಎಂದು ತಿಳಿಯಲು ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತ್ಯದ ವಾರಮ್ ಪರ್ಸಿ ಎಂಬ ಹಳ್ಳಿ ಒಳ್ಳೆಯ ಉದಾಹರಣೆ. ಅಲ್ಲಿ ಈಗ ಊರಿಲ್ಲ. ಹುಲ್ಲುಗಾವಲಿನ ನಡುವೆ ಮಾಡಿಲ್ಲದ ಸಂತ ಮಾರ್ಟಿನರ ಚರ್ಚು ಮಾತ್ರ ನಿಂತಿದೆ. 1950ರಿಂದ 1990ರವರೆಗೆ, ಪ್ರತಿ ಬೇಸಿಗೆಯಲ್ಲೂ, ವಿದ್ವಾಂಸರು ಅಲ್ಲಿ ಅಗೆದು ಅಭ್ಯಾಸ ಮಾಡಿದರು.

ಮೊದಲು ಮರದ ಸಣ್ಣ ಪ್ರಾರ್ಥನಾಲಯ, ಬಳಿಕ ಕಲ್ಲಿನ ಕಟ್ಟಡ. 12–13ನೇ ಶತಮಾನದಲ್ಲಿ ಜನ ಹೆಚ್ಚಿದಂತೆ ಎರಡೂ ಬದಿಗೆ ಪಡಸಾಲೆಗಳನ್ನು ಸೇರಿಸಿ ಚರ್ಚನ್ನು ಅಗಲ ಮಾಡಿದರು. ಮುಂದೆ ಜನ ಕಡಿಮೆಯಾದಾಗ ಆ ಪಡಸಾಲೆಗಳನ್ನು ಕೆಡವಿ, ಕಮಾನುಗಳ ನಡುವೆ ಕಲ್ಲು ತುಂಬಿ ಮುಚ್ಚಿದರು. ಸುಮಾರು 1500ರ ಹೊತ್ತಿಗೆ ಜಮೀನಿನ ಒಡೆಯರು ಕುರಿ ಸಾಕಲು ಕೊನೆಯ ಒಕ್ಕಲುಗಳನ್ನೂ ಎಬ್ಬಿಸಿದರು. ಊರು ಹೋದ ಮೇಲೂ ನೆರೆಹಳ್ಳಿಯವರಿಗಾಗಿ ಚರ್ಚು ನಡೆಯುತ್ತಿತ್ತು. ಕೊನೆಯ ಆರಾಧನೆ ನಡೆದದ್ದು 1949ರಲ್ಲಿ. 1959ರಲ್ಲಿ ಗೋಪುರದ ಒಂದು ಭಾಗ ಕುಸಿಯಿತು.

ಹುಟ್ಟು, ಮದುವೆ, ಮರಣಗಳನ್ನು ಬರೆದಿಡುವ ಪುಸ್ತಕಗಳು ಮಧ್ಯಯುಗದ ಹಳ್ಳಿಯ ಚರ್ಚುಗಳಲ್ಲಿ ಸಾಮಾನ್ಯವಾಗಿ ಇರಲಿಲ್ಲ. ಹಾಗಾಗಿ ವಾರಮ್ ಪರ್ಸಿಯ ಜನರ ಬಗ್ಗೆ ತಿಳಿಯಲು ಗೋಡೆಯ ಗುರುತುಗಳನ್ನೂ ಚರ್ಚಿನ ಅಂಗಳದಲ್ಲಿ ದೊರೆತ ಸುಮಾರು 700 ಮಂದಿಯ ಎಲುಬುಗಳನ್ನೂ ಪರೀಕ್ಷಿಸಬೇಕಾಯಿತು. ಅವರ ಎತ್ತರ, ಅವರಿಗಿದ್ದ ಕಾಯಿಲೆಗಳನ್ನು ಇಂದು ಹೇಳಬಹುದು. ಹೆಸರು ಮಾತ್ರ ಗೊತ್ತಿಲ್ಲ. ಗೋಡೆ ಉಳಿದೂ ಹೆಸರು ಉಳಿಯದ ಚರ್ಚು ಅದು.

ರಾಣಿ ಚೆನ್ನಮ್ಮಾಜಿಯ ಕಾಲದ ಇಗರ್ಜಿಗಳು

ಇನ್ನು ನಮ್ಮ ಕಡೆಗೆ ಬರೋಣ. ಚನ್ನಗಿರಿ ಎಂಬ ಊರಿನ ಹೆಸರು ಕೆಳದಿಯ ರಾಣಿ ಚೆನ್ನಮ್ಮಾಜಿಯಿಂದ ಬಂತೆಂದು ಹೇಳುತ್ತಾರೆ. 1671ರಿಂದ ಸುಮಾರು 25 ವರ್ಷ ಆಳಿದ ಈ ರಾಣಿ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟದ್ದನ್ನು ಶಾಲೆಯಲ್ಲಿ ನಾವೆಲ್ಲ ಓದಿದ್ದೇವೆ. ಕರಾವಳಿಯ ಕ್ರೈಸ್ತರ ಚರಿತ್ರೆಯಲ್ಲೂ ಅವಳಿಗೆ ಸ್ಥಾನವಿದೆ ಎಂಬುದು ಅಷ್ಟಾಗಿ ಪ್ರಚಾರದಲ್ಲಿಲ್ಲ.

ಬಿದನೂರಿನಿಂದ ಆಳುತ್ತಿದ್ದ ಕೆಳದಿಯ ಅರಸರ ರಾಜ್ಯ ಘಟ್ಟದ ಮೇಲೂ ಕೆಳಗೂ ಹಬ್ಬಿತ್ತು. ಕೆನರಾದ ಅಕ್ಕಿ, ಕಾಳುಮೆಣಸು ಪೋರ್ಚುಗೀಸರಿಗೆ ಬೇಕಿತ್ತು; ವ್ಯಾಪಾರದ ಸುಂಕ ರಾಜ್ಯಕ್ಕೆ ಬೇಕಿತ್ತು. ಶಿವಪ್ಪ ನಾಯಕನ ಕಾಲದಲ್ಲಿ ತಮ್ಮ ಕರಾವಳಿಯ ಕೋಟೆಗಳನ್ನು ಕಳೆದುಕೊಂಡಿದ್ದ ಪೋರ್ಚುಗೀಸರು ಮುಂದೆ ಒಪ್ಪಂದಗಳ ಮೂಲಕ ವ್ಯಾಪಾರಕ್ಕೆ ಮರಳಿದರು. ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ ಮಿರ್ಜಾನ್, ಹೊನ್ನಾವರ, ಚಂದಾವರ ಮತ್ತು ಕಲ್ಯಾಣಪುರಗಳಲ್ಲಿ ಇಗರ್ಜಿ ಕಟ್ಟಲು ಅನುಮತಿ ದೊರೆಯಿತು. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿ 1678ರದ್ದು. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿಯನ್ನು ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ 1680ರಲ್ಲಿ ಕಟ್ಟಿಸಿದರು. ಅದರ ನೆಲ ರಾಣಿಯ ದಾನವೆಂಬುದು ಪ್ರಸಿದ್ಧ. ಗೋವಾದವರಾದ ಈ ಧರ್ಮಾಧ್ಯಕ್ಷರು 1684ರಲ್ಲಿ ತೀರಿಕೊಂಡಾಗ ಅವರನ್ನು ಅಲ್ಲಿಯೇ ಸಮಾಧಿ ಮಾಡಲಾಯಿತು.

ಅದೇ ವರ್ಷಗಳಲ್ಲಿ, 1681ರಿಂದ 1684ರವರೆಗೆ, ಮುಂದೆ ಶ್ರೀಲಂಕಾದ ಪ್ರೇಷಿತರೆನಿಸಿದ ಸಂತ ಜೋಸೆಫ್ ವಾಜ್ ಕೆನರಾದಲ್ಲಿ ಸೇವೆ ಮಾಡಿದರು. ಆಗ ಗೋವಾದ ಆಡಳಿತ ಮತ್ತು ರೋಮ್ ನೇರವಾಗಿ ನೇಮಿಸಿದ ಧರ್ಮಾಧ್ಯಕ್ಷರ ನಡುವೆ ಅಧಿಕಾರದ ವಿವಾದವಿತ್ತು. ಯಾರ ಕೈಯಿಂದ ಸಂಸ್ಕಾರ ಪಡೆಯಬೇಕು ಎಂಬ ಗೊಂದಲದಲ್ಲಿದ್ದ ಸಾಮಾನ್ಯ ಜನರ ನಡುವೆ ಅವರು ಊರಿಂದೂರಿಗೆ ನಡೆದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಸಂತರೆಂದು ಘೋಷಿಸಿದರು.

ಹೀಗೆ ಹಳ್ಳಿಯ ಒಂದು ಇಗರ್ಜಿ ನೆಲೆಯೂರಲು ಮೂರು ಸಂಗತಿ ಬೇಕಾಗುತ್ತಿತ್ತು: ಅರಸರ ಒಪ್ಪಿಗೆ, ನೆಲ, ಮತ್ತು ಗುರುಗಳನ್ನು ಉಳಿಸಿಕೊಳ್ಳಬಲ್ಲ ಒಂದಷ್ಟು ಒಕ್ಕಲು ಕುಟುಂಬಗಳು. ಕೆಳದಿಯ ಅರಸರು ವೀರಶೈವರು. ನೆಲ ಕೊಟ್ಟದ್ದು ವೀರಶೈವ ರಾಣಿ. ನಮ್ಮ ಹಳೆಯ ಇಗರ್ಜಿಗಳ ಚರಿತ್ರೆ ಬರೆಯುವಾಗ ಈ ಉಪಕಾರವನ್ನು ಮೊದಲ ಪುಟದಲ್ಲೇ ಬರೆಯಬೇಕು.

ಇಪ್ಪತ್ತೇಳರಲ್ಲಿ ಉಳಿದದ್ದು ಒಂದು

1784ರಲ್ಲಿ ಕರಾವಳಿಯ ಕ್ರೈಸ್ತರ ಬದುಕು ಒಮ್ಮೆಲೇ ಬದಲಾಯಿತು. ಎರಡನೆಯ ಆಂಗ್ಲೋ-ಮೈಸೂರು ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನನ ಆಜ್ಞೆಯಂತೆ ಅವರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಎಷ್ಟು ಮಂದಿ ಎಂಬುದರಲ್ಲಿ ಒಮ್ಮತವಿಲ್ಲ. ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ 30,000 ಎಂದರೆ, ಕೆನರಾದ ಕಲೆಕ್ಟರ್ ಆಗಿದ್ದ ತೋಮಸ್ ಮನ್ರೊ 60,000 ಎನ್ನುತ್ತಾನೆ. 1801ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನ್ 70,000 ಎಂದು ಬರೆಯುತ್ತಾನೆ. ಸ್ಮರಣ ಸಂಚಿಕೆಗಳಲ್ಲಿ ಇವುಗಳಲ್ಲೊಂದನ್ನು ಮಾತ್ರ ಆರಿಸಿಕೊಳ್ಳುವ ಬದಲು, ಯಾರು ಎಷ್ಟು ಹೇಳಿದರು ಎಂದು ಬರೆಯುವುದು ಒಳ್ಳೆಯದು.

ಆಗ ಇದ್ದ 27 ಇಗರ್ಜಿಗಳನ್ನು ಕೆಡವಲಾಯಿತು ಎಂಬುದು ಪರಂಪರೆಯ ಲೆಕ್ಕ. ಓಂಜೂರು, ಕಿರೆಂ, ಮುಲ್ಕಿ, ಪೇರಾರ್, ಕಾರ್ಕಳ, ಬಾರ್ಕೂರು ಮುಂತಾದ ಹಳ್ಳಿಹಳ್ಳಿಯ ಇಗರ್ಜಿಗಳು ಅದರಲ್ಲಿ ಸೇರಿವೆ. ಉಳಿದದ್ದು ಮೂಡುಬಿದಿರೆ ಬಳಿಯ ಹೊಸ್ಪೆಟ್‌ನ (ಬಳ್ಳಾರಿ ಕಡೆಯ ಹೊಸಪೇಟೆಯಲ್ಲ) ಪವಿತ್ರ ಶಿಲುಬೆಯ ಇಗರ್ಜಿ ಒಂದೇ ಎನ್ನುತ್ತಾರೆ. ಅದನ್ನು ಉಳಿಸಿದವರು ಮೂಡುಬಿದಿರೆಯ ಚೌಟ ಅರಸರು, ಅವರು ಜೈನರು. ನೆಲ ಕೊಟ್ಟ ವೀರಶೈವ ರಾಣಿಯ ಹೆಸರಿನ ಜೊತೆಗೆ ಗೋಡೆ ಉಳಿಸಿದ ಜೈನ ಅರಸರ ಹೆಸರನ್ನೂ ನೆನೆಯುವುದು ನಮ್ಮ ಕರ್ತವ್ಯ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ನಂತರ, ಬದುಕುಳಿದವರು ಊರಿಗೆ ಮರಳಿದರು. ಅವರ ಕೈಯಲ್ಲಿ ಗೋಡೆಯೂ ಇರಲಿಲ್ಲ, ಪುಸ್ತಕವೂ ಇರಲಿಲ್ಲ. ಯಾವ ಬೈಲಿನಲ್ಲಿ ಇಗರ್ಜಿ ಇತ್ತು, ಅದು ಯಾವ ಸಂತರಿಗೆ ಸಮರ್ಪಿತವಾಗಿತ್ತು ಎಂಬ ನೆನಪು ಮಾತ್ರ ಇತ್ತು. ಆ ನೆನಪಿನ ಮೇಲೆ ಅನೇಕ ಕಡೆ ಅದೇ ಹೆಸರಿನಲ್ಲಿ ಇಗರ್ಜಿಗಳು ಮತ್ತೆ ಎದ್ದವು. ವಾರಮ್ ಪರ್ಸಿಗೆ ಇದು ತದ್ವಿರುದ್ಧ: ಅಲ್ಲಿ ಗೋಡೆ ಉಳಿದು ಜನ ಹೋದರು, ಇಲ್ಲಿ ಗೋಡೆ ಹೋಗಿ ಜನ ಉಳಿದರು. ಆದರೆ 1784ಕ್ಕೆ ಹಿಂದಿನ ತಮ್ಮ ಹಿರಿಯರ ಹೆಸರು ಹುಡುಕಹೊರಟ ಕರಾವಳಿಯ ಕುಟುಂಬಗಳಿಗೆ ದಾರಿ ಬಹುಬೇಗ ಮುಗಿದುಹೋಗುವುದಕ್ಕೆ ಕಾರಣವೂ ಇದೇ.

ಮೂರು ತಾರೀಕುಗಳನ್ನು ಬೆರೆಸಬಾರದು

"ನಮ್ಮ ಚರ್ಚಿಗೆ ಎಷ್ಟು ವಯಸ್ಸು" ಎಂಬ ಒಂದು ಪ್ರಶ್ನೆಯೊಳಗೆ ಮೂರು ಪ್ರಶ್ನೆಗಳಿವೆ.

ಒಂದು, ಈ ಊರಿನಲ್ಲಿ ಮೊದಲು ಬಲಿಪೂಜೆ ನಡೆದದ್ದು ಎಂದು? ಅದು ಯಾರದೋ ಮನೆಯ ಚಾವಡಿಯಲ್ಲಿ ಅಥವಾ ಶಾಲೆಯ ಕೋಣೆಯಲ್ಲಿ ನಡೆದಿರಬಹುದು.

ಎರಡು, ಕಟ್ಟಡ ಕಟ್ಟಿ ಆಶೀರ್ವದಿಸಿದ್ದು ಎಂದು? ಒಂದೇ ಸ್ಥಳದಲ್ಲಿ ಮೂರು ನಾಲ್ಕು ಕಟ್ಟಡಗಳು ಆಗಿಹೋಗಿರುವುದು ಸಾಮಾನ್ಯ. ಮಂಗಳೂರಿನ ಮಿಲಾಗ್ರಿಸ್ 1680ರದ್ದಾದರೂ ಈಗ ಕಾಣುವ ಕಟ್ಟಡ 20ನೇ ಶತಮಾನದ್ದು.

ಮೂರು, ಸ್ವತಂತ್ರ ಧರ್ಮಕೇಂದ್ರವಾದದ್ದು ಎಂದು? 1983ರ ಧರ್ಮಸಭೆಯ ಕಾನೂನು ಸಂಹಿತೆಯ 515ನೇ ವಿಧಿಯ ಪ್ರಕಾರ ಧರ್ಮಕೇಂದ್ರವೆಂದರೆ ಕಟ್ಟಡವಲ್ಲ, ಒಬ್ಬ ಗುರುವಿನ ಪಾಲನೆಗೆ ಒಪ್ಪಿಸಲಾದ ವಿಶ್ವಾಸಿಗಳ ಸಮುದಾಯ. ಅದನ್ನು ಸ್ಥಾಪಿಸುವ ಅಧಿಕಾರ ಧರ್ಮಾಧ್ಯಕ್ಷರಿಗೆ ಮಾತ್ರ ಇದೆ. ಆದುದರಿಂದ ಅವರ ಆಜ್ಞಾಪತ್ರದ ತಾರೀಕೇ ಧರ್ಮಕೇಂದ್ರದ ಜನ್ಮದಿನ.

ಕಟ್ಟಡದ ವಯಸ್ಸು ಅಳೆಯಲು ಒಂದು ಸುಲಭ ಗುರುತು ನಮ್ಮ ಕಣ್ಣೆದುರಿಗೇ ಇದೆ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಹಾಗಾಗಿ ಮಂಗಳೂರು ಹೆಂಚಿನ ಮಾಡಿರುವ ಚರ್ಚಿನ ಹಳೆಯ ಫೋಟೋ ಹಾಕಿ ಕೆಳಗೆ "ಮೂಲ ಕಟ್ಟಡ, 1700" ಎಂದು ಬರೆದರೆ, ಕನಿಷ್ಠ ಆ ಮಾಡಿನ ಮಟ್ಟಿಗೆ ತಪ್ಪಾಗುತ್ತದೆ.

ಹೆಸರು ಉಳಿಸುವ ಪುಸ್ತಕ

ವಿವಾಹಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ಗುರುಗಳಿಗೆ ಕಡ್ಡಾಯ ಮಾಡಿದ್ದು ಟ್ರೆಂಟ್ ಮಹಾಸಭೆ, 1563ರ ನವೆಂಬರ್ 11ರಂದು. 1614ರ ರೋಮನ್ ವಿಧಿಪುಸ್ತಕವು ಜ್ಞಾನಸ್ನಾನ, ದೃಢೀಕರಣ, ವಿವಾಹ, ಕುಟುಂಬಗಳ ಸ್ಥಿತಿ ಮತ್ತು ಮರಣ ಎಂದು ಐದು ಪುಸ್ತಕಗಳನ್ನು ಹೇಳಿತು. ವಾರಮ್ ಪರ್ಸಿಯ ಒಕ್ಕಲಿಗರಿಗೆ ಸಿಗದ ಭಾಗ್ಯ ಇದು. ಬಡವನ ಹೆಸರೂ ಒಡೆಯನ ಹೆಸರೂ ಒಂದೇ ಪುಸ್ತಕದಲ್ಲಿ, ಒಂದರ ಕೆಳಗೆ ಒಂದು ಸಾಲಿನಲ್ಲಿ ಬರುವುದು ಇಲ್ಲಿ ಮಾತ್ರ.

ಇಂದಿನ ಸಂಹಿತೆಯ 535ನೇ ವಿಧಿ ಪ್ರತಿಯೊಂದು ಧರ್ಮಕೇಂದ್ರದಲ್ಲೂ ಜ್ಞಾನಸ್ನಾನ, ವಿವಾಹ ಮತ್ತು ಮರಣದ ಪುಸ್ತಕಗಳು, ಮೊಹರು ಹಾಗೂ ದಾಖಲೆಗಳ ಭದ್ರ ಸ್ಥಳ ಇರಬೇಕೆನ್ನುತ್ತದೆ. ಧರ್ಮಾಧ್ಯಕ್ಷರ ಭೇಟಿಯ ವೇಳೆ ಇವುಗಳ ತಪಾಸಣೆಯಾಗಬೇಕು. ಹಳೆಯ ಪುಸ್ತಕಗಳನ್ನು ಜೋಪಾನವಾಗಿ ಕಾಪಾಡಬೇಕು. ದೃಢೀಕರಣ, ವಿವಾಹ, ಗುರುದೀಕ್ಷೆ, ಶಾಶ್ವತ ವ್ರತ ಇವೆಲ್ಲವೂ ಆ ವ್ಯಕ್ತಿಯ ಜ್ಞಾನಸ್ನಾನದ ದಾಖಲೆಯ ಬದಿಯಲ್ಲಿ ಸೇರಬೇಕು. ಕರಾವಳಿಯಲ್ಲಿ ಜ್ಞಾನಸ್ನಾನ ಪಡೆದವರು ಜಗಳೂರಿನಲ್ಲಿ ಮದುವೆಯಾದರೆ, 1122ನೇ ವಿಧಿಯಂತೆ ಅಲ್ಲಿನ ಗುರುಗಳು ಆ ಸುದ್ದಿಯನ್ನು ಜ್ಞಾನಸ್ನಾನದ ಧರ್ಮಕೇಂದ್ರಕ್ಕೆ ತಿಳಿಸಬೇಕು. ಕರಾವಳಿಯ ಹಳೆಯ ಇಗರ್ಜಿಯನ್ನೂ ಬಯಲುಸೀಮೆಯ ಹೊಸ ಇಗರ್ಜಿಯನ್ನೂ ಬೆಸೆಯುವುದು ಈ ಒಂದು ಸಾಲಿನ ಬರಹ. ಅದು ತಪ್ಪಿದರೆ ಮುಂದಿನ ತಲೆಮಾರಿನವರು ಎರಡು ಊರುಗಳ ನಡುವೆ ಅಲೆಯಬೇಕಾಗುತ್ತದೆ.

ನಾಲ್ಕು ತಾಲೂಕುಗಳಲ್ಲಿ ಏನು ಮಾಡಬಹುದು?

ಈ ನಾಲ್ಕು ತಾಲೂಕುಗಳ ಕಾಗದಪತ್ರ ಹುಡುಕುವವರು ಮೊದಲು ಗಡಿಗಳು ಬದಲಾದದ್ದನ್ನು ತಿಳಿದಿರಬೇಕು. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಹಿಂದಿನ ಕಾಗದಗಳಲ್ಲಿ ಚನ್ನಗಿರಿ ಮತ್ತು ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿ ಸಿಗುತ್ತವೆ. ನ್ಯಾಮತಿ ಪ್ರತ್ಯೇಕ ತಾಲೂಕು ಆದದ್ದು ಇತ್ತೀಚೆಗೆ. ಹಳೆಯ ಪತ್ರಗಳಲ್ಲಿ ಅದು ಹೊನ್ನಾಳಿ ತಾಲೂಕಿನ ಊರು. ಧರ್ಮಸಭೆಯ ಗಡಿಗಳೂ ಹಾಗೆಯೇ. 1963ರಲ್ಲಿ ಮೈಸೂರಿನಿಂದ ಚಿಕ್ಕಮಗಳೂರು ಧರ್ಮಪ್ರಾಂತ್ಯ, 1988ರ ನವೆಂಬರ್ 14ರಂದು ಚಿಕ್ಕಮಗಳೂರಿನಿಂದ ಶಿವಮೊಗ್ಗ ಧರ್ಮಪ್ರಾಂತ್ಯ ಬೇರೆಯಾದವು. ಆದುದರಿಂದ ಒಂದೇ ಊರಿನ ಪತ್ರಗಳು ಒಂದಕ್ಕಿಂತ ಹೆಚ್ಚು ಧರ್ಮಾಧ್ಯಕ್ಷರ ನಿವಾಸಗಳಲ್ಲಿ ಇರಬಹುದು. ಕರಾವಳಿಯ ನಂಟು ಇಲ್ಲಿಯೂ ಇದೆ: 2000ದಿಂದ ಶಿವಮೊಗ್ಗದ ಧರ್ಮಾಧ್ಯಕ್ಷರಾಗಿದ್ದ ಡಾ. ಜೆರಾಲ್ಡ್ ಐಸಾಕ್ ಲೋಬೊ ಅವರೇ 2012ರಲ್ಲಿ ಉಡುಪಿ ಧರ್ಮಪ್ರಾಂತ್ಯದ ಮೊದಲ ಧರ್ಮಾಧ್ಯಕ್ಷರಾದರು.

ಪಾಲನಾ ಮಂಡಳಿ, ಯುವಜನ ಸಂಘಟನೆ ಮತ್ತು ಧರ್ಮೋಪದೇಶ ಶಿಕ್ಷಕರು ಸೇರಿ ಮಾಡಬಹುದಾದ ಕೆಲವು ಕೆಲಸಗಳು ಇವು:

- ಗುರುಗಳ ಅನುಮತಿ ಪಡೆದು ಪುಸ್ತಕಗಳ ಪಟ್ಟಿ ಮಾಡಿ: ಯಾವ ವರ್ಷದಿಂದ ಯಾವ ವರ್ಷದವರೆಗೆ, ಯಾವ ಭಾಷೆಯಲ್ಲಿ, ಯಾವ ಸ್ಥಿತಿಯಲ್ಲಿ.

- ಗೆದ್ದಲು, ತೇವ ತಾಗದ ಕಬ್ಬಿಣದ ಕಪಾಟಿನಲ್ಲಿ ಇಡಿ. ಹರಿದ ಹಾಳೆಗೆ ಅಂಟುಪಟ್ಟಿ ಹಚ್ಚಬೇಡಿ. ಕೆಲವು ವರ್ಷಗಳಲ್ಲಿ ಅದೇ ಕಾಗದವನ್ನು ತಿನ್ನುತ್ತದೆ.

- ಒಂದೊಂದು ಪುಟದ ಚಿತ್ರ ತೆಗೆದು ಒಂದು ಪ್ರತಿಯನ್ನು ಧರ್ಮಪ್ರಾಂತ್ಯದ ಕಚೇರಿಗೆ ಒಪ್ಪಿಸಿ. ಆದರೆ ವಾಟ್ಸಾಪ್ ಗುಂಪುಗಳಲ್ಲಿ ಹಂಚಬೇಡಿ. ಕುಟುಂಬಗಳ ಗುಟ್ಟಿನ ವಿಷಯಗಳೂ ಅದರಲ್ಲಿರುತ್ತವೆ.

- ಹೆಸರುಗಳ ರೂಪ ಗಮನಿಸಿ. ಪುಸ್ತಕದ ಲತೀನಿನ "ಯೊಹಾನ್ನೆಸ್" ಮನೆಯಲ್ಲಿ "ಜುವಾಂವ್", ಶಾಲೆಯಲ್ಲಿ "ಜಾನ್" ಆಗಿರಬಹುದು. ಮೂರು ಮಂದಿ ಎಂದು ಎಣಿಸಬೇಡಿ.

- ಊರಿನ ಹಿರಿಯರನ್ನು ಮಾತನಾಡಿಸಿ, ಕ್ರೈಸ್ತೇತರರನ್ನೂ ಬಿಡಬೇಡಿ. ಚರ್ಚಿಗೆ ಜಾಗ ಕೊಟ್ಟವರು, ಕಲ್ಲು ಹೊತ್ತವರು, ಮೊದಲ ಪೂಜೆಗೆ ಮನೆ ಬಿಟ್ಟುಕೊಟ್ಟವರು ಯಾರೆಂದು ಅವರಿಗೆ ಗೊತ್ತಿರುತ್ತದೆ.

- ಕೇಳಿದ್ದನ್ನು "ಹಿರಿಯರು ಹೇಳಿದಂತೆ" ಎಂದೂ, ಕಾಗದದಲ್ಲಿ ಕಂಡದ್ದನ್ನು "ದಾಖಲೆಯಂತೆ" ಎಂದೂ ಬೇರೆ ಬೇರೆಯಾಗಿ ಬರೆಯಿರಿ.

ಕಟ್ಟಡ ಹೋದರೂ ಸಮುದಾಯ ಉಳಿಯಬಲ್ಲದು ಎಂಬುದಕ್ಕೆ ಹಾಸನ ಜಿಲ್ಲೆಯ ಶೆಟ್ಟಿಹಳ್ಳಿ ನಮ್ಮ ಕಾಲದ ಸಾಕ್ಷಿ. ಫ್ರೆಂಚ್ ಧರ್ಮಪ್ರಚಾರಕರು 1860ರ ದಶಕದಲ್ಲಿ ಅಲ್ಲಿ ಕಟ್ಟಿದ ಜಪಸರ ಮಾತೆಯ ಇಗರ್ಜಿ ಗೊರೂರಿನ ಹೇಮಾವತಿ ಜಲಾಶಯದ ಹಿನ್ನೀರಿಗೆ ಸಿಕ್ಕಿತು. ಇಂದು ಪ್ರವಾಸಿಗರು ಅಲ್ಲಿ ಪಾಳುಗೋಡೆಗಳ ಚಿತ್ರ ತೆಗೆಯುತ್ತಾರೆ. ಅಲ್ಲಿನ ಜನರಾದರೋ ಬೇರೆ ಕಡೆ ನೆಲೆಸಿ ಮತ್ತೆ ಒಂದಾಗಿ ಪ್ರಾರ್ಥಿಸುತ್ತಿದ್ದಾರೆ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನ ಬಾಂಧವರಿಗೆ ಮಧ್ಯಯುಗದ ಇಗರ್ಜಿ ಇಲ್ಲ. ಆದರೆ ನಮ್ಮ ಕರಾವಳಿಯ ಹಿರಿಯರಿಗೆ ಇಲ್ಲದ ಒಂದು ಸೌಭಾಗ್ಯ ಅವರಿಗಿದೆ: ಅವರ ಸಮುದಾಯದ ಮೊದಲ ತಲೆಮಾರುಗಳ ನೆನಪು ಇನ್ನೂ ಮಾಸಿಲ್ಲ, ಪುಸ್ತಕಗಳು ಇನ್ನೂ ಕೈಗೆ ಎಟಕುವಂತಿವೆ. ಮುಂದಿನ ಹಬ್ಬದ ಸಂಚಿಕೆಗಾಗಿ ಕಾಯುವುದು ಬೇಡ. ಬರುವ ಭಾನುವಾರ ಪೂಜೆಯ ನಂತರ ಊರಿನ ಅತ್ಯಂತ ಹಿರಿಯರೊಬ್ಬರ ಪಕ್ಕದಲ್ಲಿ ಕುಳಿತು, "ನೀವು ಚಿಕ್ಕವರಿದ್ದಾಗ ಪೂಜೆ ಎಲ್ಲಿ ನಡೆಯುತ್ತಿತ್ತು?" ಎಂದು ಕೇಳಿ, ಅವರು ಹೇಳಿದ್ದನ್ನು ತಾರೀಕು ಹಾಕಿ ಬರೆದಿಡಿ. ನಿಮ್ಮ ಚರ್ಚಿನ ಚರಿತ್ರೆಯ ಮೊದಲ ಪುಟ ಅದೇ.